ನೂರಕ್ಕೆ ಐದು ಪಾಲು ನಂಬಿಕೆ

ಐದು. ನೂರಕ್ಕೆ ಬರೀ ಐದು. ಕಂಪ್ಯೂಟರಿನ ಪರದೆಯ ಮೇಲೆ ಆ ಅಂಕಿಗೆ ಬೆರಳಿಟ್ಟು ವಾಸುದೇವ ಸರ್ ನಕ್ಕರಲ್ಲ, ಆ ನಗುವನ್ನು ನಾನು ಇವತ್ತಿಗೂ ಮಾಫ್ ಮಾಡಿಲ್ಲ. "ನೋಡು ಮುಕ್ತಾ, ನಮ್ಮ ಮಶೀನು ಕಳ್ಳೀನ ಹಿಡದದ," ಅಂದರು. ಅವರು ಕಳ್ಳಿ ಅಂದದ್ದು ಕಮಲಾಪುರದ ಶಾಲೆಯಲ್ಲಿ ಕಸ ಗುಡಿಸುವ ಮಾನಮ್ಮನಿಗೆ.

ಇದು ೨೦೦೪ರ ಜನವರಿಯ ಮಾತು. ನಾನಾಗ ಸೇಡಂ ರಸ್ತೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ವಾಸುದೇವ ಸರ್ ನಮ್ಮ ವಿಭಾಗದ ಮುಖ್ಯಸ್ಥರು, ನನ್ನ ಪಿಎಚ್‌ಡಿಗೆ ಗೈಡ್ ಕೂಡ. ಮೇಲಾಗಿ ನಮ್ಮವರೇ. ಶಹಾಬಜಾರದ ನಮ್ಮ ಮನೆಯ ಹಿಂದಿನ ಓಣಿಯವರು, ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗಿಬಂದು ಮಾಡುವಷ್ಟು ಬಳಕೆ. ದಿಲ್ಲಿಯಿಂದ ಒಂದು ಪ್ರಾಜೆಕ್ಟ್ ತಂದಿದ್ದರು. ಮಳೆಯ ಮಾಹಿತಿ ಮೂರು ಕಡೆಯಿಂದ ಬರುತ್ತದೆ, ಮೂರೂ ಬೇರೆ ಬೇರೆ ಹೇಳುತ್ತವೆ. ಆ ಮೂರನ್ನೂ ಬೆಸೆದು ಒಂದು ಮಾಡಬೇಕು. ಇದಕ್ಕೆ ಡೇಟಾ ಫ್ಯೂಷನ್ ಅನ್ನುತ್ತಾರೆ. ಬೆಸೆಯುವ ಕೆಲಸವನ್ನು ನಾವು ಕುಳಿತು ಮಾಡುವುದಲ್ಲ, ಕಂಪ್ಯೂಟರಿನೊಳಗಿನ ನ್ಯೂರಲ್ ನೆಟ್‌ವರ್ಕ್ ತಾನೇ ಕಲಿತು ಮಾಡಬೇಕು. ನನ್ನ ಪಿಎಚ್‌ಡಿ ಅದರ ಮೇಲೆಯೇ.

ಬಿಡಿಸಿ ಹೇಳುತ್ತೇನೆ, ಕಷ್ಟವೇನಿಲ್ಲ. ಕಮಲಾಪುರದ ಮಳೆಗೆ ಮೂವರು ಸಾಕ್ಷಿಗಳು. ಒಂದು, ಉಪಗ್ರಹ ಕಳಿಸುವ ಮೋಡದ ಚಿತ್ರ. ಎರಡನೆಯದು, ಶಾಲೆಯ ಮಾಳಿಗೆಯ ಮೇಲೆ ನಾವು ಕೂಡಿಸಿದ ಯಂತ್ರ. ತಾಸು ತಾಸಿಗೆ ತಾನೇ ಅಳೆದು ಬರೆದಿಟ್ಟುಕೊಳ್ಳುತ್ತದೆ. ಮೂರನೆಯದು, ಶಾಲೆಯ ಅಂಗಳದಲ್ಲಿನ ಹಳೆಯ ಮಳೆ ಮಾಪಕ. ಮಳೆ ನಿಂತ ಕೂಡಲೇ ಮಾನಮ್ಮ ಅದರ ನೀರು ಅಳೆದು ರಜಿಸ್ಟರಿನಲ್ಲಿ ಬರೆಯಬೇಕು. ಊರ ಹೊರಗಿನ ಹಳ್ಳದ ಸೇತುವೆಯ ಕೆಳಗೆ ನೀರಿನ ಮಟ್ಟ ಹಿಡಿಯುವ ಇನ್ನೊಂದು ಯಂತ್ರವಿತ್ತು. ಮೂವರ ಮಾತು ಕೇಳಿ, ಹಳ್ಳ ಎಷ್ಟು ಏರೀತು ಎಂದು ಕಂಪ್ಯೂಟರ್ ಹೇಳಬೇಕು. ನಿಜವಾಗಿ ಏರಿದ್ದನ್ನು ನೋಡಿ ತಿದ್ದಿಕೊಳ್ಳಬೇಕು. ಹೀಗೆ ಸಾವಿರ ಸಲ ತಿದ್ದಿಕೊಳ್ಳುತ್ತ, ಯಾರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ಅದು ಕಲಿಯುತ್ತದೆ.

ಎರಡು ಮಳೆಗಾಲದ ಲೆಕ್ಕ ಉಣಿಸಿದ ಮೇಲೆ ಅದು ಕಲಿತದ್ದು ಇದು: ಮಾಳಿಗೆಯ ಯಂತ್ರಕ್ಕೆ ಅರವತ್ತೆರಡು, ಉಪಗ್ರಹಕ್ಕೆ ಮೂವತ್ಮೂರು, ಮಾನಮ್ಮನಿಗೆ ಐದು.

ವಾಸುದೇವ ಸರ್‌ಗೆ ಹಬ್ಬವೋ ಹಬ್ಬ. ಮಳೆಯಲ್ಲಿ ನೆನೆಯಲು ಯಾರಿಗೆ ಹುರುಪು, ಮನೆಯಲ್ಲಿ ಕೂತು ಮನಸ್ಸಿಗೆ ಬಂದಂತೆ ಬರೆದಿದ್ದಾಳೆ, ಆ ಜನ ಹಾಗೇ ಎಂದರು. ಸುಳ್ಳು ಹೇಳುವ ಮನುಷ್ಯರನ್ನು ಹಿಡಿಯುವ ಯಂತ್ರ ಎಂದು ಅವರ ಪ್ರಬಂಧದ ತಲೆಬರಹವೇ ಬದಲಾಯಿತು. ಫೆಬ್ರವರಿ ಹನ್ನೆರಡಕ್ಕೆ ದಿಲ್ಲಿಯವರು ಬರುವವರಿದ್ದರು. ಅಷ್ಟರೊಳಗೆ ಮಾನಮ್ಮನ ಕಡೆಯಿಂದ ತಪ್ಪೊಪ್ಪಿಗೆಗೆ ಸಹಿ ಬೇಕು. ಅದರ ಒಂದು ಪ್ರತಿ ಶಿಕ್ಷಣ ಇಲಾಖೆಗೂ ಹೋಗಲಿ, ಇಂಥವರು ಸರಕಾರಿ ಶಾಲೆಯಲ್ಲಿ ಇರಬಾರದು ಎಂದರು.

ಹದಿನಾಲ್ಕು ವರ್ಷ ದಿನಗೂಲಿಯ ಮೇಲೆ ಕಸ ಗುಡಿಸಿದ ಮಾನಮ್ಮ ಆ ಜೂನ್‌ಗೆ ಕಾಯಂ ಆಗುವವಳಿದ್ದಳು. ಫೈಲು ಮೇಲಿನ ಮೇಜಿಗೆ ಹೋಗಿತ್ತು. ಈ ಕಾಗದ ಹೋದರೆ ಆ ಫೈಲು ಅಲ್ಲೇ ಸತ್ತಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ.

ಆದರೂ ಸಹಿ ತರಲು ನಾನೇ ಹೋದೆ. ಸುಳ್ಳು ಯಾಕೆ ಹೇಳಲಿ, ಅರ್ಧ ನಾನೂ ನಂಬಿದ್ದೆ. ಯಂತ್ರ ಹೇಳಿದ ಮೇಲೆ ಮುಗಿಯಿತು, ಅದಕ್ಕೇನು ಜಾತಿಯೇ, ಹೊಟ್ಟೆಕಿಚ್ಚೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕಲಿತವರ ದಡ್ಡತನಕ್ಕೆ ಮದ್ದಿಲ್ಲ.

ಹುಮನಾಬಾದ ಬಸ್ಸು ಮಹಾಗಾಂವ ಕ್ರಾಸ್ ದಾಟಿ ಕಮಲಾಪುರ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಕೆಂಪು ಬಾಳೆಹಣ್ಣು ಮಾರುವವರು ಕಿಟಕಿಗೆ ಮುಗಿಬಿದ್ದಿದ್ದರು. ಶಾಲೆಯಲ್ಲಿ ಮಕ್ಕಳ ಊಟ ಮುಗಿದು ಮಾನಮ್ಮ ವರಾಂಡ ತೊಳೆಯುತ್ತಿದ್ದಳು. ನಲವತ್ತೈದರ ಹೆಂಗಸು, ಗಟ್ಟಿ ಆಳು. ಬಾವಿ ತೋಡುವ ಕೂಲಿಯಾಗಿದ್ದ ಅವರಪ್ಪ ದತ್ತಪ್ಪ, ಓಣಿಯವರೆಲ್ಲ ನಕ್ಕರೂ ಮಗಳನ್ನು ಏಳನೇ ತರಗತಿಯವರೆಗೆ ಓದಿಸಿದ್ದನಂತೆ. ಅವಳ ಅಕ್ಷರ ನಮ್ಮ ವಿದ್ಯಾರ್ಥಿಗಳ ಅಕ್ಷರಕ್ಕಿಂತ ದುಂಡಗೆ. ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಒಂದೊಂದೇ ಶಬ್ದವನ್ನು ಬಾಯಿಬಿಟ್ಟು ಓದಿದಳು: ನಾನು ಮಳೆ ಅಳೆಯದೆ ಮನೆಯಲ್ಲಿ ಕೂತು ಸುಳ್ಳು ಅಂಕಿ ಬರೆದಿದ್ದೇನೆ, ತಪ್ಪಾಯಿತು.

ಓದಿ ಮುಗಿಸಿ ಕಾಗದವನ್ನು ಮಡಿಚಿ ನನ್ನ ಕೈಗೇ ಕೊಟ್ಟಳು.

"ಇದಕ್ಕ ನನ್ನ ಹೆಸರು ಬೀಳಂಗಿಲ್ರಿ ಅಕ್ಕೋರ."

ನಾನು ಸಮಾಧಾನ ಹೇಳಲು ಹೋದೆ. ಒಪ್ಪಿಕೊಂಡರೆ ದೊಡ್ಡದು ಮಾಡುವುದಿಲ್ಲ, ನಾನಿದ್ದೇನೆ ಎಂದೆಲ್ಲ ಒದರಿದೆ. ಅವಳು ನನ್ನ ಮಾತು ತಡೆದಳು. ಕೊಡೆ ಹಿಡಿದರೆ ಕೊಡೆಯ ನೀರು ಮಾಪಕಕ್ಕೆ ಬಿದ್ದೀತೆಂದು ತಲೆಯ ಮೇಲೆ ಬರೀ ಗೋಣಿಚೀಲ ಹೊದ್ದು ಹೋಗುತ್ತಿದ್ದೆ, ಎರಡು ಸಲ ಜ್ವರ ಬಂದು ಮಲಗಿದೆ, ಆಗಲೂ ಒಂದು ದಿನ ತಪ್ಪಿಸಿಲ್ಲ ಎಂದಳು. ಆಮೇಲೆ ಒಳಗೆ ಹೋಗಿ ರಜಿಸ್ಟರು ತಂದು ನನ್ನ ಮುಂದೆ ಬಡಿದಳು. ಯಾವ ದಿನ ಸುಳ್ಳು, ತೋರಿಸ್ರಿ ಎಂದಳು.

ನನಗೂ ಸಿಟ್ಟು ಬಂತು. ಮಾಳಿಗೆಯ ಯಂತ್ರದ ಲೆಕ್ಕದ ಕಾಗದಗಳನ್ನು ಚೀಲದಿಂದ ತೆಗೆದು ಬಿಡಿಸಿದೆ. ಹೋದ ವರ್ಷದ ಆಗಸ್ಟ್ ಹದಿನಾಲ್ಕು, ಗುರುವಾರ. ಅವಳ ರಜಿಸ್ಟರಿನಲ್ಲಿ ಅರವತ್ತೆರಡು ಮಿಲಿಮೀಟರ್ ಮಳೆ. ಯಂತ್ರದಲ್ಲಿ ಸೊನ್ನೆ. ಮರುದಿನ ಹದಿನೈದಕ್ಕೆ ಅವಳದು ಸೊನ್ನೆ, ಯಂತ್ರದ್ದು ಐವತ್ತೊಂದು. ಇದಕ್ಕೇನಂತೀ ಎಂದೆ.

ಮಾನಮ್ಮ ಕಾಗದವನ್ನು ನೋಡಲೂ ಇಲ್ಲ. "ಹದಿನೈದಕ್ಕ ಝಂಡಾ ಏರಿಸಿದ್ವಿ. ಹುಡುಗರು ಬಿಸಲಾಗ ನಿಂತು ಇಬ್ಬರು ಚಕ್ಕರ್ ಬಂದು ಬಿದ್ರು. ಝಂಡಾದ ದಿನ ಮಳಿ ಬಂತಂತ ಬರಿಲೇನ್ರಿ ನಾನು? ಮಳಿ ಗುರುವಾರ ರಾತ್ರೀದು. ನಸುಕಿನಾಗ ನಿಂತದ. ಅಂಗಳೆಲ್ಲ ಕೆಸರಾಗಿತ್ತು, ಹೊತ್ತು ಹೊಂಟ ಮ್ಯಾಲ ನಾನೇ ಮರಳ ಹಾಸೀನಿ."

ತಾಸು ತಾಸಿನ ಪಟ್ಟಿಯಲ್ಲಿ ಬೆರಳು ಆಡಿಸಿದೆ. ಮಳೆ ಹಿಡಿದದ್ದು ರಾತ್ರಿ ಎರಡಕ್ಕೆ, ಬಿಟ್ಟದ್ದು ನಾಲ್ಕೂವರೆಗೆ. ಯಂತ್ರಕ್ಕೆ ಹನ್ನೆರಡು ಹೊಡೆದರೆ ತಾರೀಖು ಬದಲು. ರಾತ್ರಿ ಎರಡು ಅಂದರೆ ಅದಕ್ಕೆ ಶುಕ್ರವಾರ. ಅವಳಿಗೆ ಗುರುವಾರ. ನಾನು ಹೇಳಿದೆ, ಮಾನಮ್ಮ, ಹನ್ನೆರಡರ ಮೇಲೆ ಮರುದಿನದ ತಾರೀಖು ಹಾಕಬೇಕಿತ್ತಲ್ಲ ಎಂದು.

"ಹೊತ್ತು ಮೂಡದೇ ದಿನ ಹೆಂಗ ಬದಲಾಗ್ತದ್ರಿ? ಕೆಲಸ ಕಲಿಸಲಾಕ ಬಂದಾಗ ನಾ ನಿಮಗ ಕೇಳೀನಿ, ರಾತ್ರಿ ಮಳಿ ಬಂದ್ರ ಯಾ ದಿನಕ್ಕ ಬರೀಲಿ ಅಂತ. ಸೂರ್ಯ ಹುಟ್ಟೋ ತನ ಹಿಂದಿನ ದಿನಾನ ಅಂತ ನೀವೇ ಹೇಳೀರಿ."

ಹೇಳಿದ್ದೆ. ಅವಳು ಅಂದದ್ದೇ ತಡ, ನನ್ನ ದನಿಯೇ ನನಗೆ ಕೇಳಿಸಿತು. ಇದೇ ವರಾಂಡದಲ್ಲಿ, ಇದೇ ರಜಿಸ್ಟರಿಗೆ ಗೆರೆ ಹಾಕಿಕೊಡುತ್ತ, ತಲೆ ಎತ್ತದೆ ಹೇಳಿದ್ದೆ. ಎಲ್ಲರಿಗೂ ಗೊತ್ತಿದ್ದ ಮಾತನ್ನು ಇವಳೇನು ಕೇಳುತ್ತಾಳೆ ಎಂದೂ ಅಂದುಕೊಂಡಿದ್ದೆ. ಪಂಚಾಂಗದ ಮನೆಯಲ್ಲಿ ಬೆಳೆದವಳು ನಾನು. ಶುಕ್ರವಾರ ಬೆಳಗಿನ ಜಾವ ನಾಲ್ಕಕ್ಕೆ ಹುಟ್ಟಿದ ನನಗೆ ನಮ್ಮವ್ವ ಇಂದೂಬಾಯಿ ಇವತ್ತಿಗೂ ಗುರುವಾರ ಹುಟ್ಟಿದವಳು ಅನ್ನುತ್ತಾಳೆ. ಹನ್ನೆರಡು ಗಂಟೆಗೆ ದಿನ ಬದಲಾಗುತ್ತದೆ ಎಂದು ಕಾಲೇಜಿನಲ್ಲಿ ನಾನೇ ಪಾಠ ಮಾಡುತ್ತೇನೆ. ಆದರೆ ಕಾಲೇಜಿನಿಂದ ಹೊರಬಿದ್ದರೆ ನನ್ನ ದಿನ ಸೂರ್ಯನ ಜೊತೆಗೇ ಏಳುವುದು. ನಮ್ಮ ನಮ್ಮ ದೇವರು ಬೇರೆ, ನಮ್ಮ ನೀರಿನ ಕೊಡ ಬೇರೆ, ಬುದ್ಧನ ಪಟ ಇಟ್ಟ ಅವಳ ಮನೆಗೆ ನಮ್ಮವ್ವ ಕಾಲಿಡಲಾರಳು. ದಿನ ಎಲ್ಲಿ ಶುರುವಾಗುತ್ತದೆ ಎಂಬುದರಲ್ಲಿ ಮಾತ್ರ ಮಾನಮ್ಮನೂ ನಾನೂ ಒಂದೇ ಮನೆಯವರು. ಇಬ್ಬರೂ ಸೇರಿ ಯಂತ್ರವನ್ನು ದಾರಿ ತಪ್ಪಿಸಿದ್ದೆವು, ಬೈಸಿಕೊಂಡವಳು ಅವಳೊಬ್ಬಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಎತ್ತು ನಾನು. ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಮಾನಮ್ಮನಿಗೆ ಕೈ ಮುಗಿದೆ. ಅವಳು ಅದನ್ನು ತೆಗೆದುಕೊಳ್ಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಇದನ್ನು ದಿಲ್ಲಿಯವರ ಮುಂದೆ ಹೇಳುತ್ತೀರೋ ಇಲ್ಲೋ ಎಂದಷ್ಟೇ ಕೇಳಿದಳು. ಹೇಳುತ್ತೇನೆ ಎಂದೆ.

ವಾಪಸು ಬಂದವಳೇ ಎರಡೂ ವರ್ಷದ ರಜಿಸ್ಟರನ್ನು ಹರಡಿ ಕೂತೆ. ಮಾನಮ್ಮ ಬರೆದ ಮಳೆ ಒಟ್ಟು ಎಂಬತ್ತೇಳು. ಯಂತ್ರದ ಜೊತೆ ಕೂಡದವು ಮೂವತ್ತೊಂದು. ಆ ಮೂವತ್ತೊಂದೂ ನಡುರಾತ್ರಿಗೂ ಸೂರ್ಯೋದಯಕ್ಕೂ ನಡುವೆ ಬಿದ್ದ ಮಳೆಗಳು. ಹಗಲಿನದೊಂದು, ಸಂಜೆಯದೊಂದು ಹುಡುಕಿದರೂ ಇಲ್ಲ. ಸುಳ್ಳು ಬರೆಯುವವರು ಗಡಿಯಾರ ನೋಡಿ ಸುಳ್ಳು ಬರೆಯುತ್ತಾರೆಯೇ? ಮೂವತ್ತೊಂದನ್ನೂ ಒಂದೊಂದು ದಿನ ಮುಂದೆ ಸರಿಸಿ ಕಂಪ್ಯೂಟರಿಗೆ ಮತ್ತೆ ಮೊದಲಿನಿಂದ ಕಲಿಸಲು ಹಚ್ಚಿದೆ. ಒಮ್ಮೆ ಕಲಿಯಲು ಅದಕ್ಕೆ ಒಂಬತ್ತು ತಾಸು ಬೇಕು. ನಮ್ಮ ಕರೆಂಟಿನ ಕಥೆ ಗೊತ್ತಲ್ಲ, ಎರಡು ಸಲ ಅರ್ಧದಲ್ಲೇ ಹೋಯಿತು. ಮೂರನೆಯ ಸಲ, ಒಂದು ರವಿವಾರ ಸಂಜೆ, ಉತ್ತರ ಬಂತು.

ಉಪಗ್ರಹಕ್ಕೆ ಹದಿನಾಲ್ಕು. ಮಾಳಿಗೆಯ ಯಂತ್ರಕ್ಕೆ ಇಪ್ಪತ್ತೊಂಬತ್ತು. ಮಾನಮ್ಮನಿಗೆ ಐವತ್ತೇಳು.

ನಾನು ಒಬ್ಬಳೇ ಕೂತು ಜೋರಾಗಿ ನಕ್ಕೆ. ಆ ಕಂಪ್ಯೂಟರಿಗೊಂದು ಹಾರ ಹಾಕಬೇಕೆನ್ನಿಸಿತು. ಮಳೆ ರಪರಪ ಹೊಡೆಯುವಾಗ ಮಾಳಿಗೆಯ ಯಂತ್ರದೊಳಗಿನ ಪುಟ್ಟ ಬಟ್ಟಲು ತುಂಬಿ ಮಗುಚುವಷ್ಟರಲ್ಲಿ ಒಂದಷ್ಟು ನೀರು ಲೆಕ್ಕಕ್ಕೆ ಸಿಗದೆ ಹರಿದುಹೋಗುತ್ತದೆ. ಅರವತ್ತೆರಡು ಬಿದ್ದರೆ ಐವತ್ತೊಂದು ಅನ್ನುತ್ತದೆ. ಹಳ್ಳ ಏರುವುದು ಬಿದ್ದ ನೀರಿಗೆ, ಯಂತ್ರ ಎಣಿಸಿದ ನೀರಿಗಲ್ಲ. ಮೂವರಲ್ಲಿ ಹಳ್ಳಕ್ಕೆ ಹತ್ತಿರದ ಮಾತು ಗೋಣಿಚೀಲ ಹೊದ್ದ ಹೆಂಗಸಿನದಾಗಿತ್ತು.

ಸೋಮವಾರ ವಾಸುದೇವ ಸರ್ ಕೋಣೆಗೆ ಹೋಗಿ ಎಲ್ಲವನ್ನೂ ಮೇಜಿನ ಮೇಲಿಟ್ಟೆ. ಅವರು ಜಾಣರು, ಎರಡು ನಿಮಿಷದಲ್ಲಿ ತಿಳಿದುಕೊಂಡರು. ತಿಳಿದ ಮೇಲೆ ಮುಖ ಗಂಟಿಕ್ಕಿತು. ಪ್ರಬಂಧ ಆಗಲೇ ದಿಲ್ಲಿಗೆ ಹೋಗಿಯಾಗಿದೆ, ಈಗ ಅವಳಲ್ಲ, ನಾವೇ ತಪ್ಪಿದೆವೆಂದರೆ ಮುಖ ಎಲ್ಲಿಡೋಣ ಎಂದರು. ಆಮೇಲೆ ದನಿ ಇಳಿಸಿ ಒಂದು ದಾರಿ ಹೇಳಿಕೊಟ್ಟರು. ಸುಳ್ಳು ಬರೆದಳು ಅನ್ನುವುದು ಬೇಡ, ತಾರೀಖು ತಪ್ಪಾಗಿ ಬರೆದಳು ಅನ್ನೋಣ. ಅದಂತೂ ಖರೇ ಇದೆಯಲ್ಲ, ಬರೆದವಳು ಅವಳೇ ತಾನೇ? ಅವಳ ಲೆಕ್ಕ ಪೂರಾ ತೆಗೆದುಬಿಡೋಣ, ಪ್ರಬಂಧಕ್ಕೆ ಧಕ್ಕೆಯಿಲ್ಲ, ನಿನ್ನ ಪಿಎಚ್‌ಡಿಗೂ ಇಲ್ಲ. ಇಲಾಖೆಗೆ ಹೋಗುವ ಕಾಗದದಲ್ಲಿ ಬೇಜವಾಬ್ದಾರಿ ಎಂದು ಹಾಕಿದರೆ ಸಾಕು.

ಹಾಗೆ ಬರೆ ಎಂದು ಹೇಳಿಕೊಟ್ಟವಳು ನಾನು ಎಂದೆ. ಅದಕ್ಕೆ ದಾಖಲೆಯಿಲ್ಲವಲ್ಲ, ನೀನು ಹೇಳಿದ್ದನ್ನು ಕೇಳಿದವರಾರು ಎಂದರು. ನಡುರಾತ್ರಿ ದಾಟಿದ ಮೇಲಿನ ಮಳೆಯನ್ನು ಹಿಂದಿನ ದಿನಕ್ಕೆ ಬರೆಯುವುದು ಹಳ್ಳಿಗರ ಅಜ್ಞಾನ, ವಿಜ್ಞಾನ ಓದಿದ ನೀನು ಅದನ್ನು ಹೇಳಿಕೊಟ್ಟೆ ಎಂದರೆ ಯಾರೂ ನಂಬುವುದಿಲ್ಲ ಎಂದು ನಕ್ಕರು.

ಆ ಎರಡನೆಯ ನಗುವಿಗೆ ನನ್ನ ಸಿಟ್ಟು ನೆತ್ತಿಗೇರಿತು. "ಸರ್, ಮೊನ್ನಿ ಏಕಾದಶಿ ನೀವು ನಿರಾಹಾರ ಮಾಡೀರಿ. ರಾತ್ರಿ ಹನ್ನೆರಡು ಹೊಡದ ಕೂಡ್ಲೆ ಎದ್ದು ಊಟಕ್ಕ ಕೂತ್ರೇನು?"

ಸೂರ್ಯ ಹುಟ್ಟದೆ ಅವರು ಹನಿ ನೀರು ಮುಟ್ಟುವವರಲ್ಲ, ಓಣಿಗೆಲ್ಲ ಗೊತ್ತು. ಹೊಟ್ಟೆಗೊಂದು ದಿನ, ಮಾನಮ್ಮನಿಗೊಂದು ದಿನವೇ ಎಂದು ಕೇಳಿದೆ. ಅವರು ಕುರ್ಚಿಯಿಂದ ಎದ್ದು ಬಾಗಿಲು ತೋರಿಸಿದರು. ಹನ್ನೆರಡನೇ ತಾರೀಖು ಬಾಯಿ ಬಿಟ್ಟರೆ ಬೇರೆ ಗೈಡ್ ಹುಡುಕಿಕೊ, ಐದು ವರ್ಷದ ಕೆಲಸ ಗಂಗೆಗೆ ಬಿಡು ಎಂದರು. ಆ ಊರಲ್ಲಿ ಆ ವಿಷಯಕ್ಕೆ ಬೇರೆ ಗೈಡ್ ಇರಲಿಲ್ಲ. ಕೈಗೆ ಬಂದ ತುತ್ತು ಅದು. ಮನೆಗೆ ಬಂದು ಅತ್ತೆ, ಇಲ್ಲವೆನ್ನುವುದಿಲ್ಲ. ನಮ್ಮವ್ವ ಕಾರಣ ಕೇಳಿದಳು. ಆಮೇಲೆ, ತಪ್ಪು ನಿಂದಿದ್ರ ಶಿಕ್ಷಾನೂ ನಿಂದೇ, ಅಷ್ಟಕ್ಕ ಅಳೂದೇನು ಎಂದು ಬೈದಳು. ಮಾನಮ್ಮನ ಮನೆಗೆ ಕಾಲಿಡದವಳು ಹಾಗೆಂದದ್ದು ನನಗೆ ಧೈರ್ಯ ತಂದಿತು.

ಹನ್ನೆರಡನೇ ತಾರೀಖಿಗೆ ದಿಲ್ಲಿಯಿಂದ ಇಬ್ಬರು ಬಂದರು. ಕಾಲೇಜಿನ ದೊಡ್ಡ ಕೋಣೆಯಲ್ಲಿ ವಿಭಾಗದವರೆಲ್ಲ ಕೂತಿದ್ದರು. ಮಾನಮ್ಮನನ್ನೂ ಕರೆಸಿದ್ದರು, ಎಲ್ಲರೆದುರು ಸಹಿ ಹಾಕಿಸಿದರೆ ಹೆದರಿ ಹಾಕುತ್ತಾಳೆ ಎಂದು ವಾಸುದೇವ ಸರ್ ಲೆಕ್ಕ. ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು, ರಜಿಸ್ಟರನ್ನು ಎದೆಗವಚಿಕೊಂಡು ಬಂದಳು. ಸಿಪಾಯಿ ಬಾಗಿಲ ಬಳಿ ನಿಲ್ಲು ಎಂದ. ಅವಳು ಅವನನ್ನು ದಾಟಿ ಬಂದು ಎರಡನೆಯ ಸಾಲಿನ ಕುರ್ಚಿಯಲ್ಲಿ ಕೂತಳು.

ವಾಸುದೇವ ಸರ್ ಅರ್ಧ ತಾಸು ಚೆಂದಾಗಿ ಮಾತಾಡಿದರು. ಕೊನೆಗೆ ಐದು ಎಂಬ ಅಂಕಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಯಂತ್ರ ಹಿಡಿದುಕೊಟ್ಟ ಕಳ್ಳಿ ಇಲ್ಲೇ ಇದ್ದಾಳೆ, ಈಗ ಒಪ್ಪಿ ಸಹಿ ಮಾಡುತ್ತಾಳೆ ಎಂದರು. ಬೇಜವಾಬ್ದಾರಿಯ ಮಾತು ಎಲ್ಲೋ ಹೋಗಿತ್ತು, ಕಾಗದದಲ್ಲಿ ಮತ್ತೆ ಸುಳ್ಳು ಎಂದೇ ಇತ್ತು. ಪೆನ್ನನ್ನು ಮಾನಮ್ಮನ ಮುಂದೆ ಹಿಡಿದರು. ಅವಳು ಎರಡೂ ಕೈಯಿಂದ ರಜಿಸ್ಟರು ಹಿಡಿದುಕೊಂಡು ನನ್ನತ್ತ ನೋಡಿದಳು.

ಎದ್ದು ಹೋಗಿ ಆ ಪೆನ್ನು ನಾನು ಇಸಿದುಕೊಂಡೆ. ದಿಲ್ಲಿಯವರಿಗೆ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ: ಮೂವತ್ತೊಂದು ಮಳೆ, ನಡುರಾತ್ರಿ, ಸೂರ್ಯೋದಯ, ನಾನು ಹೇಳಿಕೊಟ್ಟ ಮಾತು, ಹೊಸ ಅಂಕಿ. ಮಾತು ಮುಗಿಸಿ ತಪ್ಪೊಪ್ಪಿಗೆಯ ಸಾಲಿಗೆ ಅಡ್ಡಗೆರೆ ಎಳೆದು, ಈ ತಪ್ಪು ನನ್ನದು, ಮಾನಮ್ಮ ಬರೆದ ಪ್ರತಿ ಅಂಕಿ ಸರಿ ಎಂದು ಬರೆದು ನನ್ನ ಸಹಿ ಹಾಕಿದೆ. ವಾಸುದೇವ ಸರ್ ಎಲ್ಲರೆದುರೇ, ಇವತ್ತಿನಿಂದ ಇವಳು ನನ್ನ ವಿದ್ಯಾರ್ಥಿ ಅಲ್ಲ ಎಂದರು. ಹೌದು ಸರ್, ಅಲ್ಲ ಎಂದೆ.

ಮಾನಮ್ಮ ಎದ್ದು ನಿಂತು, ಅಕ್ಕೋರು ಬರೆದದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಬೇಕು, ಕಳ್ಳಿ ಅಂದದ್ದು ಎಲ್ಲರೂ ಕೇಳಿದ್ದಾರೆ, ಇದನ್ನೂ ಕೇಳಲಿ ಎಂದಳು. ನಾನು ಓದಿದೆ. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಓದಿದೆ.

ದಿಲ್ಲಿಯವರಲ್ಲಿ ಹಿರಿಯರು ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಇಲಾಖೆಗೆ ಯಾವ ಕಾಗದವೂ ಹೋಗಕೂಡದು, ಹಳೆಯ ಪ್ರಬಂಧ ವಾಪಸು ತರಿಸಬೇಕು ಎಂದರು. ಆಮೇಲೆ ಮಾನಮ್ಮನತ್ತ ತಿರುಗಿ, ಮರ್ಯಾದೆಯಿಂದಲೇ, ಇನ್ನು ಮುಂದೆ ರಾತ್ರಿ ಹನ್ನೆರಡರ ಮೇಲಿನ ಮಳೆಗೆ ಮರುದಿನದ ತಾರೀಖು ಹಾಕಿಬಿಡಿ ಬಹನ್‌ಜೀ, ಯಂತ್ರಕ್ಕೆ ಅನುಕೂಲ ಎಂದರು.

ಅವರ ಹಿಂದಿ ಅವಳಿಗೆ ತಿಳಿದಿತ್ತು. ಬೇಕಿದ್ದರೆ ಹಿಂದಿಯಲ್ಲೇ ಉತ್ತರ ಕೊಡಬಹುದಿತ್ತು. ಅವಳು ಕನ್ನಡದಲ್ಲೇ ಹೇಳಿದಳು, ನನ್ನ ಕಡೆ ನೋಡುತ್ತ.

"ಮಳಿ ಬಂದ್ರ ನಾ ನಡುರಾತ್ರ್ಯಾಗೂ ಏಳ್ತೀನ್ರಿ. ನನ್ನ ದಿನ ಮಾತ್ರ ಬದಲ ಮಾಡಂಗಿಲ್ಲ. ನಿಮ್ಮ ಮಶೀನು ಕಲೀತದ ಅಂತೀರಲ್ಲ, ಕಲಿಸ್ರಿ ಅದಕ್ಕ."

ಅದನ್ನು ಹಿಂದಿಗೆ ತಿರುಗಿಸಿ ದಿಲ್ಲಿಯವರಿಗೆ ಹೇಳಿದೆ, ಒಂದು ಶಬ್ದವನ್ನೂ ಮೆತ್ತಗೆ ಮಾಡದೆ. ಅವರು ಕಲಿಸಲು ಆಗುತ್ತದೆಯೇ ಎಂದು ನನ್ನನ್ನು ಕೇಳಿದರು. ಗೈಡ್ ಇರಲಿಲ್ಲ, ಪಿಎಚ್‌ಡಿ ಇರಲಿಲ್ಲ, ನಾಳೆ ಆ ಕಂಪ್ಯೂಟರ್ ಮುಟ್ಟಲು ಬಿಡುತ್ತಾರೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಆಗುತ್ತದೆ, ನಾನೇ ಕಲಿಸುತ್ತೇನೆ ಎಂದೆ.